ಹಗ್ಗ ಹಿಡಿಯುವವನಿಗೆ ಹದ ತಿಳಿದಿರಬೇಕು

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಹುಳಿಮಾವು ಒಂದು ಕಾಲಕ್ಕೆ ಕೆರೆ, ಹೊಲ, ತೋಟಗಳ ಹಳ್ಳಿ. ಅಲ್ಲಿನ ಬಂಡೆಯ ಗುಹೆಯಲ್ಲಿ ನೆಲೆಸಿರುವ ರಾಮಲಿಂಗೇಶ್ವರನ ದರ್ಶನಕ್ಕೆ ಇಂದಿಗೂ ಭಕ್ತರು ಬರುತ್ತಾರೆ. ಹೊಲವಿದ್ದ ಜಾಗದಲ್ಲಿ ಈಗ ಬಹುಮಹಡಿ ಮನೆಗಳು ಎದ್ದಿವೆ. ಮಗ-ಸೊಸೆಯ ಜೊತೆ ಇರಲೆಂದು ಹಳ್ಳಿಯಿಂದ ಬಂದ ಹಿರಿಯರು ಆ ಮನೆಗಳಲ್ಲಿ ಬಹಳ ಮಂದಿ.

ಅಂಥ ಹಿರಿಯ ಭಕ್ತರೊಬ್ಬರು ಈಚೆಗೆ ಬಲಗೈಗೆ ಪಟ್ಟಿ ಕಟ್ಟಿಕೊಂಡು ಮಠಕ್ಕೆ ಬಂದಿದ್ದರು. "ಏನಾಯಿತು ಯಜಮಾನರೇ?" ಎಂದು ಕೇಳಿದೆವು. "ಏನು ಹೇಳಲಿ ಬುದ್ಧಿ, ಐವತ್ತು ವರ್ಷ ಹೋರಿ ಹಿಡಿದ ಕೈ ಇದು. ಮಗ ಸಾಕಿದ ನಾಯಿ ಒಂದು ಗಳಿಗೆಯಲ್ಲಿ ಮುರಿಯಿತು" ಎಂದರು. ಬೆಳಿಗ್ಗೆ ನಾಯಿಯನ್ನು ಸುತ್ತಾಡಿಸಲು ಹೊರಟಾಗ ಅದರ ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದರು. ಎದುರಿಗೆ ಬೀದಿನಾಯಿ ಕಂಡಿತು, ಇದು ನೆಗೆಯಿತು, ಅವರು ಮುಗ್ಗರಿಸಿ ಬಿದ್ದರು. ಬೆರಳು ಮುರಿದು, ಭುಜ ಉಳುಕಿ, ಮೊಣಕಾಲು ತರಚಿತ್ತು.

ತಪ್ಪು ಯಾರದು? ನಾಯಿಯದೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಬೇಟೆಗೆ, ಕಾವಲಿಗೆ ಹುಟ್ಟಿದ ಪ್ರಾಣಿಯನ್ನು ದಿನವಿಡೀ ಮೂರನೆಯ ಮಹಡಿಯಲ್ಲಿ ಕೂಡಿಹಾಕಿದರೆ, ಅಡಗಿದ ಬಲವೆಲ್ಲ ಹೊರಗೆ ಬಂದ ಅರ್ಧ ಗಂಟೆಯಲ್ಲಿ ಸಿಡಿಯುತ್ತದೆ. ಅಂದ ನೋಡಿ ತಂದವನು ಮಗ. ಕೆಲಸಕ್ಕೆ ಹೊತ್ತಾಯಿತೆಂದು ಓಡುವವನೂ ಅವನೇ. ಹಗ್ಗ ಮಾತ್ರ ಎಪ್ಪತ್ತು ದಾಟಿದ ತಂದೆಯ ಕೈಗೆ ಬಂತು. ಆಸೆ ಒಬ್ಬನದು, ಹೊರೆ ಇನ್ನೊಬ್ಬನದು. ಇದು ಧರ್ಮವಲ್ಲ.

ಇದು ಹುಳಿಮಾವಿನ ಒಂದು ಮನೆಯ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ 2001ರಿಂದ 2020ರವರೆಗೆ ಹಗ್ಗ ಕಟ್ಟಿದ ನಾಯಿಯೊಡನೆ ನಡೆಯುವಾಗ ಗಾಯಗೊಂಡು ತುರ್ತು ಚಿಕಿತ್ಸೆಗೆ ಹೋದ ವಯಸ್ಕರು ಸುಮಾರು 4 ಲಕ್ಷ 22 ಸಾವಿರ ಎಂದು ಅಲ್ಲಿನ ಸಂಶೋಧಕರು ಅಂದಾಜು ಮಾಡಿದ್ದಾರೆ. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆಂಗಸರು. ಬೆರಳು ಮುರಿತ, ತಲೆಗೆ ಪೆಟ್ಟು, ಭುಜದ ಉಳುಕು, ಇವೇ ಹೆಚ್ಚು. ವಯಸ್ಸಾದವರಿಗೆ ಬಿದ್ದ ಪೆಟ್ಟು ಇನ್ನೂ ಭಾರಿ. ಮುಪ್ಪಿನಲ್ಲಿ ಸೊಂಟದ ಮೂಳೆ ಮುರಿದರೆ ಮನುಷ್ಯ ಹಾಸಿಗೆ ಹಿಡಿಯುತ್ತಾನೆಂಬುದನ್ನು ನೀವೆಲ್ಲ ಬಲ್ಲಿರಿ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಿಲಾಶಾಸನವೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಸೇವಕ ಮಣಲರನ ಶೌರ್ಯಕ್ಕೆ ದೊರೆ ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಅವನು ಕಾಳಿ ಎಂಬ ನಾಯಿಯನ್ನು ಬೇಡಿದ. ಕಾಳಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ಮಣಲರ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಅಲ್ಲಿನ ಗೊರವ ಉಣ್ಣಬಾರದೆಂದು ವಿಧಿಸಲಾಯಿತು. ಬಲವುಳ್ಳ ನಾಯಿಯನ್ನು ಬೇಡಿದವನು ಅದರ ಬಲವನ್ನು ಬಲ್ಲವನಾಗಿದ್ದ. ಅದಕ್ಕೆ ತಕ್ಕ ಕೆಲಸ ಕೊಟ್ಟ, ಸತ್ತ ಮೇಲೂ ಅದರ ಋಣ ಮರೆಯಲಿಲ್ಲ. ನಾಯಿ ಸಾಕುವವರಿಗೆ ಇದಕ್ಕಿಂತ ಪಾಠ ಬೇಕೇ?

23 ತಳಿಯ ನಾಯಿಗಳನ್ನು ನಿಷೇಧಿಸಲು 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಸುತ್ತೋಲೆ ರದ್ದಾದರೂ ಸಾಕಿದವನ ಹೊಣೆ ರದ್ದಾಗಲಿಲ್ಲ. ಸಾಕುಪ್ರಾಣಿಯಿಂದ ಪರರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆವಾಸ, ಐದು ಸಾವಿರ ರೂಪಾಯಿವರೆಗೆ ದಂಡವುಂಟು. ಪರರಿಗೆ ಇಷ್ಟು ರಕ್ಷಣೆಯಿರುವಾಗ ಮನೆಯ ಹಿರಿಯರಿಗೆ ಮಕ್ಕಳ ವಿವೇಕವೇ ರಕ್ಷಣೆಯಾಗಬೇಡವೇ?

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಕರುವಿದ್ದಾಗಲೇ ಹೋರಿಯನ್ನು ಪಳಗಿಸುವ ರೈತ ಇದನ್ನು ಬಲ್ಲ. ನಾಯಿಗೂ ಮರಿಯಿದ್ದಾಗಲೇ ನಡಿಗೆ ಕಲಿಸಬೇಕು. ಎಳೆದರೆ ನಿಂತುಬಿಡಿ, ಹಗ್ಗ ಸಡಿಲವಾದಾಗ ಮಾತ್ರ ಮುಂದೆ ನಡೆಯಿರಿ. ಹೊಡೆತದಿಂದ ಭಯ ಬರುತ್ತದೆ, ಸಂಸ್ಕಾರ ಬರುವುದಿಲ್ಲ. ಕೊರಳಿಗಿಂತ ಎದೆಪಟ್ಟಿಗೆ ಹಗ್ಗ ಕಟ್ಟಿದರೆ ಹಿಡಿತ ಸುಲಭ. ಹಗ್ಗವನ್ನು ಬೆರಳಿಗಾಗಲಿ ಮಣಿಕಟ್ಟಿಗಾಗಲಿ ಎಂದೂ ಸುತ್ತಿಕೊಳ್ಳಬೇಡಿ. ಎಲ್ಲಕ್ಕಿಂತ ಮಿಗಿಲಾಗಿ, ಬಲದ ನಾಯಿಯನ್ನು ಬಲವಿರುವವರೇ ಹಿಡಿದು ನಡೆಸಬೇಕು.

ಹಿರಿಯರಿಗೂ ಒಂದು ಮಾತು. ಮಗ ನೊಂದುಕೊಂಡಾನೆಂದು ಸುಮ್ಮನಿರಬೇಡಿ. "ಅಪ್ಪಾ, ಇದು ನನ್ನ ಕೈಲಾಗದು" ಎನ್ನುವುದು ಸೋಲಲ್ಲ, ವಿವೇಕ. ಮಕ್ಕಳೇ, ಆ ಮಾತು ಅವರ ಬಾಯಿಂದ ಬರುವವರೆಗೆ ಕಾಯಬೇಡಿ. ನಾಳೆ ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಎದ್ದು ಹಗ್ಗವನ್ನು ನೀವೇ ಹಿಡಿಯಿರಿ. ತಂದೆಯ ಕೈ ಉಳಿಯುತ್ತದೆ, ಮೂಕಪ್ರಾಣಿಗೆ ತನ್ನ ಒಡೆಯನೂ ಸಿಗುತ್ತಾನೆ.