ಸ್ಕೂಟರನ್ನು ಬಿಡಬೇಕೆ?

ಅತಿವೇಗವೇ ಅಪಘಾತಕ್ಕೆ ಕಾರಣವೆಂಬ ಫಲಕಗಳನ್ನು ಓದಿ ಓದಿ ನಮ್ಮಲ್ಲಿ ಒಂದು ಮೂಢನಂಬಿಕೆ ಬೆಳೆದುಬಿಟ್ಟಿದೆ: ನಿಧಾನವಾಗಿ ಹೋಗುವವರಿಗೆ ಏನೂ ಆಗದು ಎಂದು. ಹಿಟ್ಟಿನ ಗಿರಣಿಯವರೆಗೆ ತಾನೇ ಎಂದು ಹೆಲ್ಮೆಟ್ಟನ್ನು ಗೂಟಕ್ಕೆ ನೇತುಹಾಕಿ ಹೊರಡುವವರೆಲ್ಲ ಈ ಮತದವರೇ. ಗಿರಣಿ ಹತ್ತಿರವಿದೆಯೆಂದು ೧೯೮೮ರ ಮೋಟಾರು ವಾಹನ ಕಾಯಿದೆಯೇನೋ ರಿಯಾಯಿತಿ ಕೊಟ್ಟಿಲ್ಲ.

ನೆಲವೂ ಕೊಡುವುದಿಲ್ಲ. ಹೈಸ್ಕೂಲಿನಲ್ಲಿ ಕಲಿತ ಲೆಕ್ಕವನ್ನೇ ಹಾಕಿ ನೋಡಿರಿ: ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು ೨೦ ಕಿಲೋಮೀಟರ್ ವೇಗದಲ್ಲಿರುತ್ತದೆ. ಸ್ಕೂಟರಿನ ಮೇಲೆ ಕುಳಿತವರ ತಲೆ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ಅಂದಮೇಲೆ ನಿಂತ ಗಾಡಿಯಿಂದ ಉರುಳಿದರೂ ಆ ಪೆಟ್ಟು ತಪ್ಪಿದ್ದಲ್ಲ. ಇನ್ನು ಕೈ. ಬೀಳುವಾಗ ಅಂಗೈ ಊರುವುದು ಮನುಷ್ಯಸ್ವಭಾವ. ಹಾಗೆ ಊರಿದಾಗ ಮಣಿಕಟ್ಟಿನ ಬಳಿ ಎಲುಬು ಮುರಿಯುವ ಬಗೆಯನ್ನು ಡಬ್ಲಿನ್ನಿನ ವೈದ್ಯ ಅಬ್ರಹಾಂ ಕಾಲಿಸ್ ೧೮೧೪ರಲ್ಲೇ ವರ್ಣಿಸಿದ್ದಾನೆ. ಆಗ ಸ್ಕೂಟರಂತಿರಲಿ, ಸೈಕಲ್ಲೂ ಇರಲಿಲ್ಲ!

ಓಡುವ ಗಾಡಿ ಬಹುಮಟ್ಟಿಗೆ ತಾನಾಗಿಯೇ ನೆಟ್ಟಗಿರುತ್ತದೆ. ನಿಧಾನವಾದಷ್ಟೂ ಸಮತೋಲದ ಹೊಣೆ ಸವಾರರದು. ಮರಳು, ಹಸಿ ಸೆಗಣಿ, ತಿರುಗಿಸಿದ ಹ್ಯಾಂಡಲ್, ಮುಂದಿನ ಚಕ್ರದ ಬ್ರೇಕು, ಇವುಗಳಲ್ಲಿ ಎರಡು ಕೂಡಿದರೆ ಸಾಕು, ನೂರು ಕಿಲೋಗ್ರಾಂ ತೂಕದ ಗಾಡಿ ಕಣಕಾಲಿನ ಮೇಲೆ ಮಲಗುತ್ತದೆ. ನಮ್ಮ ಕಡೆ ಇನ್ನೊಂದುಂಟು. ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ. ರಾಗಿ, ಹುರುಳಿಗಳನ್ನು ಹರಡಿ ಬಸ್ಸು ಲಾರಿಗಳಿಂದ ತುಳಿಸುತ್ತಾರೆ. ಕಣ ಮಾಡುವ ಕಷ್ಟ, ಕೂಲಿಯ ಖರ್ಚು ರೈತನ ಮಗಳಾದ ನನಗೆ ತಿಳಿಯದ್ದಲ್ಲ. ಆದರೂ ಹುರುಳಿಸೊಪ್ಪಿನ ಮೇಲೆ ಸ್ಕೂಟರಿನ ಸಣ್ಣ ಚಕ್ರ ಎಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ.

ಕಳೆದ ಸುಗ್ಗಿಯಲ್ಲಿ ನನ್ನ ಸಹಪಾಠಿಯೊಬ್ಬಳು ಹೀಗೆಯೇ ಬಿದ್ದಳು. ಮಣಿಕಟ್ಟು ಮುರಿದು ಆರು ವಾರ ಪಟ್ಟಿ ಹಾಕಿದರು. ಮೂಳೆ ಕೂಡಿಕೊಂಡಿತು, ಅಷ್ಟರಲ್ಲಿ ಮನೆಯವರು ಗಾಡಿಯನ್ನು ಮಾರಿಬಿಟ್ಟಿದ್ದರು. ೨೦೨೩ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸಿನ ಖರ್ಚು ಉಳಿಯಿತೆಂಬುದೇನೋ ದಿಟ, ಆದರೆ ಅವಳ ಊರಿಗೆ ಬಸ್ಸು ಬರುವುದೇ ಹತ್ತು ಗಂಟೆಗೆ. ಮೊದಲ ಎರಡು ಪಾಠಗಳೂ ಹೋದವು, ಹಾಜರಿಯೂ ಹೋಗುತ್ತ ಬಂತು. ಅದೇ ತಿಂಗಳು ಬಿದ್ದ ಹುಡುಗರೂ ನಮ್ಮ ತರಗತಿಯಲ್ಲಿದ್ದಾರೆ. ಬೀಳದೆ ಕಲಿತವರುಂಟೆ ಎಂದು ಅವರ ಬೆನ್ನು ತಟ್ಟಿದ್ದಾಯಿತು. ಅವರ ಗಾಡಿಯನ್ನು ಯಾರೂ ಮಾರಲಿಲ್ಲ.

ಗಾಡಿ ಬಿಡಬೇಕೆ ಬೇಡವೆ ಎಂಬುದನ್ನು ಹೆದರಿಕೆಯೂ ತೀರ್ಮಾನಿಸಬಾರದು, ಜಂಬವೂ ತೀರ್ಮಾನಿಸಬಾರದು. ಬಿದ್ದದ್ದು ಏಕೆ? ಬ್ರೇಕನ್ನು ಕೈ ನೋವಿಲ್ಲದೆ ಬಲವಾಗಿ ಹಿಡಿಯಬಲ್ಲುದೆ? ಇಷ್ಟನ್ನು ವೈದ್ಯರ ಮುಂದೆ ಕೇಳಿಕೊಂಡರೆ ಸಾಕು. ಪದೇ ಪದೇ ತಲೆಸುತ್ತು ಬರುವವರು, ದೃಷ್ಟಿ ಮಂದವಾದವರು ಬಿಡುವುದೇ ಸರಿ, ಅದರಲ್ಲಿ ಅವಮಾನವೇನಿದೆ? ಮಿಕ್ಕವರು ಬಿಡಬೇಕಾದದ್ದು ಬರಿದಲೆಯ ಸವಾರಿಯನ್ನು, ಕಾಲಿಡುವ ಜಾಗದಲ್ಲಿ ಮೂಟೆ ಹೇರುವುದನ್ನು.

ಅವಳು ಬಿದ್ದ ಸುದ್ದಿ ಕೇಳಿ ನಮ್ಮ ಅವ್ವನೂ ಕೀಲಿಕೈ ಎತ್ತಿಟ್ಟಿದ್ದಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹಾಜರಿ ಎಂದರೇನೆಂದು ಅವಳಿಗೆ ತಿಳಿಸಲು ನಾಲ್ಕು ದಿನ ಹಿಡಿಯಿತು. ಕಡೆಗೆ ಒಪ್ಪಂದವಾಯಿತು: ಸುಗ್ಗಿ ಮುಗಿಯುವವರೆಗೆ, ಸುತ್ತಾದರೂ, ಕೆರೆ ಏರಿಯ ದಾರಿ. ಆ ದಾರಿಯಲ್ಲಿ ನನ್ನ ಗೆಳತಿಯ ಊರು ಸಿಕ್ಕುತ್ತದೆ. ಈಗ ಅವಳು ನನ್ನ ಹಿಂದೆ ಕುಳಿತು ಮೊದಲ ಪಾಠಕ್ಕೇ ಬರುತ್ತಾಳೆ. ಎರಡನೆಯ ಹೆಲ್ಮೆಟ್ಟಿನ ದುಡ್ಡನ್ನು ಅವಳ ತಂದೆಯವರೇ ಕೊಟ್ಟರು.