ಶಿಫಾರಸು ಪತ್ರವೂ ಒಂದು ಸಾಕ್ಷ್ಯ

ಪರೀಕ್ಷಾ ಫಲಿತಾಂಶಗಳು ಹೊರಬಿದ್ದು ಶಾಲಾ ಕಾಲೇಜುಗಳು ಪುನರಾರಂಭಗೊಳ್ಳುವ ದಿನಗಳಲ್ಲಿ ಧರ್ಮಕೇಂದ್ರದ ಗುರುಗಳ ನಿವಾಸದ ಜಗಲಿಯಲ್ಲೂ ಮುಖ್ಯೋಪಾಧ್ಯಾಯರ ಕೊಠಡಿಯ ಮುಂದೆಯೂ ಒಂದು ಸಾಲು ಕಾಣಸಿಗುತ್ತದೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರಗಳನ್ನು ಹಿಡಿದ ತಂದೆತಾಯಿಗಳು, ಪಕ್ಕದಲ್ಲಿ ಸಂಕೋಚದಿಂದ ನಿಂತ ಮಗನೋ ಮಗಳೋ. ಅವರು ಬಂದಿರುವುದು ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಶಿಫಾರಸು ಪತ್ರಕ್ಕಾಗಿ. ಐದು ನಿಮಿಷಗಳಲ್ಲಿ ಪತ್ರ ಸಿದ್ಧವಾಗುತ್ತದೆ. ಈ ವಿದ್ಯಾರ್ಥಿಯನ್ನು ನಾನು ಬಲ್ಲೆ, ನಡತೆ ಉತ್ತಮ, ಕುಟುಂಬ ಬಡತನದಲ್ಲಿದೆ, ಸಹಾಯಕ್ಕೆ ಅರ್ಹ. ಸಾಲಿನಲ್ಲಿ ಮುಂದೆ ನಿಂತವನಿಗೂ ಹಿಂದೆ ನಿಂತವಳಿಗೂ ಅವೇ ವಾಕ್ಯಗಳು. ಬದಲಾಗುವುದು ಹೆಸರು ಮಾತ್ರ.

ಇಷ್ಟು ಸಾಲದೆ ಎಂದು ಕೇಳುವವರುಂಟು. ಅಂಕ ಮತ್ತು ಆದಾಯಗಳ ಆಧಾರದ ಮೇಲೆಯೇ ನಿರ್ಧಾರವಾಗುವ ಸರ್ಕಾರಿ ವಿದ್ಯಾರ್ಥಿವೇತನಗಳಿಗೆ ಇಂತಹ ಪತ್ರದ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಅನೇಕ ದತ್ತಿ ಸಂಸ್ಥೆಗಳು, ವಿದೇಶದ ವಿಶ್ವವಿದ್ಯಾಲಯಗಳು, ರೋಡ್ಸ್‌ನಂತಹ ಪ್ರತಿಷ್ಠಿತ ವಿದ್ಯಾರ್ಥಿವೇತನಗಳು ಇದನ್ನು ಕೇಳುತ್ತವೆ. ಸರಿಸುಮಾರು ಒಂದೇ ಅಂಕ ಪಡೆದ ನೂರಾರು ಅರ್ಜಿಗಳ ನಡುವೆ ಆ ಮಗುವನ್ನು ಕಣ್ಣಾರೆ ಕಂಡವರೊಬ್ಬರ ಮಾತು ಆಯ್ಕೆ ಸಮಿತಿಗೆ ತಲಪುವುದು ಈ ಒಂದು ಹಾಳೆಯ ಮೂಲಕವೇ. ಅದು ಏನನ್ನೂ ಹೇಳದಿದ್ದರೆ ಅರ್ಜಿಯೇ ಮೂಕವಾಗುತ್ತದೆ.

ಒಂದು ಪತ್ರ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಜೀವನವೇ ನಿದರ್ಶನ. 1913ರ ಆರಂಭದಲ್ಲಿ ಅವರು ಮದರಾಸು ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾಗಿದ್ದರು. ಗಣಿತವನ್ನುಳಿದು ಬೇರೆ ವಿಷಯಗಳಲ್ಲಿ ಅನುತ್ತೀರ್ಣರಾಗಿ ಪದವಿಯಿಲ್ಲದೆ ಉಳಿದಿದ್ದರು. ಆ ಫೆಬ್ರವರಿಯಲ್ಲಿ ಮದರಾಸಿಗೆ ಬಂದಿದ್ದ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಅವರು ರಾಮಾನುಜನ್ನರ ಬರಹಗಳನ್ನು ನೋಡಿ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಸ್ವತಃ ಕೇಂಬ್ರಿಡ್ಜಿನಲ್ಲಿ ಗಣಿತ ಕಲಿತಿದ್ದ ಅವರು ಈ ಕೆಲಸದ ಸ್ವಂತಿಕೆ ಅಲ್ಲಿನ ವಿದ್ವಾಂಸರ ಸಾಧನೆಗೆ ಹೋಲಿಸಬಹುದಾದುದೆಂದರು. ಜೊತೆಗೆ, ಅದರಲ್ಲಿ ಪೂರ್ಣತೆ ಮತ್ತು ನಿಖರತೆಯ ಕೊರತೆಯಿದೆ ಎಂದೂ, ಗಣಿತದ ಆ ಶಾಖೆ ತಮ್ಮ ವಿಶೇಷ ಕ್ಷೇತ್ರವಲ್ಲವಾದ್ದರಿಂದ ಕೊನೆಯ ತೀರ್ಪು ನೀಡಲಾರೆ ಎಂದೂ ಮುಚ್ಚುಮರೆಯಿಲ್ಲದೆ ಬರೆದರು. ಆದರೆ ಜೀವನೋಪಾಯದ ಚಿಂತೆಯಿಲ್ಲದೆ ಕೆಲವು ವರ್ಷ ಗಣಿತದಲ್ಲೇ ತೊಡಗಲು ಅವರಿಗೆ ಅವಕಾಶ ಕೊಡುವುದು ನ್ಯಾಯವೆಂದು ಸ್ಪಷ್ಟವಾಗಿ ಕೋರಿದರು. ಕೇಂಬ್ರಿಡ್ಜಿನ ಹಾರ್ಡಿಯವರ ಪ್ರೋತ್ಸಾಹವೂ ಅದೇ ಹೊತ್ತಿಗೆ ದೊರೆತಿತ್ತು. ಪದವಿಯಿಲ್ಲವೆಂಬ ಅಡ್ಡಿಯನ್ನು ಬದಿಗಿಟ್ಟು ವಿಶ್ವವಿದ್ಯಾಲಯವು ಎರಡು ವರ್ಷಗಳ ಕಾಲ ತಿಂಗಳಿಗೆ 75 ರೂಪಾಯಿಗಳ ಸಂಶೋಧನಾ ವೇತನವನ್ನು ಮಂಜೂರು ಮಾಡಿತು.

ಆ ಪತ್ರದ ಬಲವಿದ್ದುದು ಹೊಗಳಿಕೆಯಲ್ಲಲ್ಲ. ಕಂಡದ್ದನ್ನು ಕಂಡಂತೆ ಹೇಳಿದ್ದು, ಕೊರತೆಯನ್ನು ಮರೆಮಾಚದಿದ್ದುದು, ತನ್ನ ಅರಿವಿನ ಮಿತಿಯನ್ನು ಒಪ್ಪಿಕೊಂಡದ್ದು, ಬೇಕಾದುದನ್ನು ನೇರವಾಗಿ ಕೇಳಿದ್ದು - ಈ ನಾಲ್ಕು ಗುಣಗಳಿಂದ ಅದು ನಂಬಿಕೆಗೆ ಅರ್ಹವಾಯಿತು.

ಈ ಮಾರ್ಗ ಕ್ರೈಸ್ತರಾದ ನಮಗೆ ಹೊಸದಲ್ಲ. ಸಂತ ಪೌಲರು ರೋಮಿನ ಸಭೆಗೆ ಫೊಯಿಬೆಯನ್ನು ಪರಿಚಯಿಸುವಾಗ ಆಕೆ ಯಾವ ಊರಿನ ಸಭೆಯಲ್ಲಿ ಸೇವೆ ಸಲ್ಲಿಸುತ್ತಿರುವಳು, ತನಗೂ ಸೇರಿ ಅನೇಕರಿಗೆ ಹೇಗೆ ನೆರವಾದಳು ಎಂಬುದನ್ನು ತಿಳಿಸಿ, ಆಕೆಗೆ ಬೇಕಾದ ಸಹಾಯ ಮಾಡಿರೆಂದು ಕೇಳುತ್ತಾರೆ. ಓನೇಸಿಮನ ಪರವಾಗಿ ಫಿಲೆಮೋನನಿಗೆ ಬರೆದಾಗಲಂತೂ ಅವನು ಹಿಂದೆ ನಿಷ್ಪ್ರಯೋಜಕನಾಗಿದ್ದನೆಂಬುದನ್ನು ಅಡಗಿಸುವುದಿಲ್ಲ. ಅವನ ಸಾಲವೇನಾದರೂ ಇದ್ದರೆ ತಾನೇ ತೀರಿಸುವೆನೆಂದು ಹೊಣೆ ಹೊರುತ್ತಾರೆ. ಶಿಫಾರಸು ಎಂದರೆ ಹೊಣೆ ಹೊರುವುದು. ಅದು ಸಾಕ್ಷ್ಯವಾದುದರಿಂದ, ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಕಟ್ಟಳೆ ಇಲ್ಲಿಗೂ ಅನ್ವಯಿಸುತ್ತದೆ. ಪರಿಚಯವೇ ಇಲ್ಲದವರನ್ನು ಬಲ್ಲೆನೆಂದು ಬರೆಯುವುದೂ, ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಸಾಮಾನ್ಯನನ್ನು ಅಸಾಮಾನ್ಯನೆನ್ನುವುದೂ ಅರ್ಹನಾದ ಮತ್ತೊಬ್ಬನ ಪಾಲನ್ನು ಕಸಿಯುವ ಕೃತ್ಯವಾದೀತು.

ಉದಾಸೀನದ ಪತ್ರದಿಂದ ನಷ್ಟವಾಗುವುದು ಯಾರಿಗೆ? ಅನುಕೂಲಸ್ಥರ ಮಕ್ಕಳಿಗೆ ಚೆನ್ನಾಗಿ ಬರೆದುಕೊಡುವ ಬಂಧುಮಿತ್ರರಿರುತ್ತಾರೆ. ಕಾಫಿ ತೋಟದ ಕೂಲಿಯವರ ಮಗನಿಗೆ, ಮನೆಗೆಲಸದಾಕೆಯ ಮಗಳಿಗೆ ಇರುವುದು ಒಬ್ಬ ಅಧ್ಯಾಪಕರು, ಒಬ್ಬ ಧರ್ಮಗುರು ಮಾತ್ರ. ಮುಂಜಾನೆ ತಾಯಿಯೊಂದಿಗೆ ದುಡಿದು ತರಗತಿಗೆ ಬರುವ ಹುಡುಗಿ, ಸಂಜೆ ನೆರೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹುಡುಗ - ಇವೆಲ್ಲ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಬಲ್ಲವರು ಬರೆಯದಿದ್ದರೆ ಅವು ಯಾರಿಗೂ ತಿಳಿಯದೆಯೇ ಹೋಗುತ್ತವೆ.

ಆದ್ದರಿಂದ ಪತ್ರ ಬರೆಯುವವರು ವಿದ್ಯಾರ್ಥಿಯನ್ನು ಕೂರಿಸಿಕೊಂಡು ಹತ್ತು ನಿಮಿಷ ಮಾತನಾಡಲಿ. ಎಷ್ಟು ಕಾಲದಿಂದ, ಯಾವ ಸಂಬಂಧದಲ್ಲಿ ಬಲ್ಲೆನೆಂದು ಮೊದಲು ತಿಳಿಸಲಿ. ಹತ್ತು ಗುಣವಾಚಕಗಳ ಬದಲು ನಡೆದ ಒಂದು ಸಂಗತಿಯನ್ನು ಬರೆಯಲಿ. ಅರ್ಜಿದಾರನೇ ಬರೆದು ತಂದುದಕ್ಕೆ ಸಹಿ ಹಾಕದಿರಲಿ. ಪರಿಚಯ ಸಾಲದಿದ್ದರೆ, ಹೆಚ್ಚು ಬಲ್ಲವರ ಬಳಿಗೆ ಕಳುಹಿಸುವುದೇ ನಿಜವಾದ ಉಪಕಾರ. ವಿದ್ಯಾರ್ಥಿಗಳು ಕೊನೆಯ ದಿನದ ಮುನ್ನಾ ಸಂಜೆ ಓಡಿಬರದೆ ಎರಡು ಮೂರು ವಾರ ಮೊದಲೇ ಕೇಳಬೇಕು. ಅರ್ಜಿಯ ಪ್ರತಿ, ಅಂಕಪಟ್ಟಿ, ವ್ಯಾಸಂಗದ ಉದ್ದೇಶವನ್ನು ತಿಳಿಸುವ ಟಿಪ್ಪಣಿಯನ್ನು ಕೊಡಬೇಕು. ಪತ್ರವನ್ನು ನೇರವಾಗಿ ತಮಗೇ ಕಳುಹಿಸಬೇಕೆಂದು ಸಂಸ್ಥೆ ಕೇಳಿದ್ದರೆ ಅದನ್ನು ನೋಡಬೇಕೆಂದು ಹಟ ಹಿಡಿಯಬಾರದು. ತಂದೆತಾಯಿಗಳೂ ಪ್ರಭಾವಿಗಳ ಸಹಿಗಾಗಿ ಅಲೆಯುವುದನ್ನು ಬಿಟ್ಟು ಮಗುವನ್ನು ನಿಜವಾಗಿ ಬಲ್ಲವರನ್ನು ಆಶ್ರಯಿಸಲಿ. ಧರ್ಮಕೇಂದ್ರಗಳ ಪಾಲನಾ ಸಮಿತಿಗಳು ನಿವೃತ್ತ ಅಧ್ಯಾಪಕರ ನೆರವಿನಿಂದ ಅರ್ಜಿ ತುಂಬಲು ಮಾರ್ಗದರ್ಶನ ನೀಡಿದರೆ ಅನೇಕ ಮನೆಗಳಿಗೆ ಉಪಕಾರವಾದೀತು.

ವಿದ್ಯಾರ್ಥಿವೇತನಕ್ಕೆ ಹಣ ಕೊಡುವ ಶಕ್ತಿ ನಮ್ಮಲ್ಲಿ ಎಲ್ಲರಿಗೂ ಇಲ್ಲ. ಆದರೆ ಒಂದು ಮಗುವನ್ನು ಗಮನಿಸಿ ನೋಡಿ, ಕಂಡ ಸತ್ಯವನ್ನು ಒಂದು ಪುಟದಲ್ಲಿ ಬರೆಯುವ ಶಕ್ತಿ ಬಹಳ ಮಂದಿಗಿದೆ. ಈ ಬಾರಿ ಪತ್ರ ಕೇಳಲು ಬಂದವರಿಗೆ ಅದನ್ನಾದರೂ ಪೂರ್ಣ ಮನಸ್ಸಿನಿಂದ ಕೊಡೋಣ.