ಚೀನೀ ಭಾಷೆಗೆ ವಿಜ್ಞಾನದ ಪೀರಿಯಡ್ಡೇ ಬಾಗಿಲು

ಮಾನ್ಯ ಕೇಂದ್ರ ಶಿಕ್ಷಣ ಸಚಿವರೇ,

ನಾನು ಕನ್ನಡ ಮಾಧ್ಯಮದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಬೋರ್ಡಿನ ಮೇಲೆ ಹೈಡ್ರೋಕ್ಲೋರಿಕ್ ಆಮ್ಲದ ಸೂತ್ರ ಬರೆದಾಗ ಒಬ್ಬ ಹುಡುಗಿ ಕೇಳಿದಳು: "ಸಾರ್, ಇದರಲ್ಲಿ ಆಮ್ಲಜನಕವೇ ಇಲ್ವಲ್ಲ, ಆಮ್ಲ ಹೇಗಾಯ್ತು?" ತಪ್ಪು ಅವಳದಲ್ಲ, ರಸಾಯನಶಾಸ್ತ್ರಜ್ಞ ಲವಾಸಿಯೆಯದು. ಆಮ್ಲಗಳಿಗೆಲ್ಲ ಈ ಅನಿಲವೇ ಮೂಲವೆಂದು ನಂಬಿ ಅವನಿಟ್ಟ ಹೆಸರನ್ನು ನಾವು ಹಾಗೇ ಇಳಿಸಿಕೊಂಡೆವು; ತಪ್ಪೂ ಜೊತೆಗೇ ಬಂತು.

ಚೀನೀಯರು ಆಮ್ಲಜನಕವನ್ನು 'ಯಾಂಗ್' ಎನ್ನುತ್ತಾರೆ. ಹೆಸರಿನ ಮೂಲ 'ಪೋಷಿಸು' ಎಂಬ ಪದ. ಬರೆಯುವಾಗ 'ಅನಿಲ' ಎಂಬ ಚಿಹ್ನೆ ಅಕ್ಷರದ ಮೇಲೆ ಚಪ್ಪರದಂತೆ ಕವಿದಿರುತ್ತದೆ. ಜಲಜನಕದ ಹೆಸರು 'ಹಗುರ'ದಿಂದ ಬಂದದ್ದು, ಕ್ಲೋರಿನ್ನಿನದು 'ಹಸಿರಿ'ನಿಂದ. ಕಬ್ಬಿಣ, ತಾಮ್ರ, ಬೆಳ್ಳಿಗೆ ಎಡಗಡೆ ಲೋಹದ ಚಿಹ್ನೆ. ಗಂಧಕ, ರಂಜಕಕ್ಕೆ ಕಲ್ಲಿನದು. ಲೋಹವಾದರೂ ಪಾದರಸದ ಬುಡದಲ್ಲಿ ಮಾತ್ರ ನೀರು! (ನಾವೂ ಅದನ್ನು 'ರಸ' ಎಂದೇ ಕರೆದೆವಲ್ಲ.) ಅಕ್ಷರ ನೋಡಿಯೇ ಧಾತು ಘನವೋ ದ್ರವವೋ ಅನಿಲವೋ ಎಂದು ಹೇಳಬಹುದಾದ ಆವರ್ತ ಕೋಷ್ಟಕ ಅದು. ಇದನ್ನು ತೋರಿಸಿದ ದಿನ ಹಿಂದಿನ ಬೆಂಚಿನವರೂ ನೋಟ್‌ಬುಕ್ ತೆಗೆದರು.

ಸಂಸ್ಕೃತಿಯೂ ಹೀಗೇ ಒಳಗೆ ಬರುತ್ತದೆ. ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದ ಚೀನಾದ ವಿಜ್ಞಾನಿ ತು ಯೂಯೂ, ನಾಲ್ಕನೇ ಶತಮಾನದ ಗ ಹೊಂಗ್‌ನ ವೈದ್ಯಗ್ರಂಥವನ್ನು ಮತ್ತೆ ಓದಿದರು. ಅಲ್ಲಿ ಮದ್ದಿನ ಸೊಪ್ಪನ್ನು ಕುದಿಸು ಎಂದಿರಲಿಲ್ಲ. ನೀರಿನಲ್ಲಿ ನೆನೆಸಿ ಹಿಂಡು ಎಂದಿತ್ತು. ಕಾವಿಗೆ ಮದ್ದಿನ ಗುಣ ಕೆಡುತ್ತಿರಬಹುದು ಎಂದು ಹೊಳೆದು, ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು. ಅದರಿಂದ ಬಂದ ಆರ್ಟೆಮಿಸಿನಿನ್‌ಗೆ 2015ರಲ್ಲಿ ನೊಬೆಲ್. ಕಷಾಯ ಕುದಿಸುವ ಮನೆಗಳಿಂದ ಬರುವ ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಒಂದು ಕ್ರಿಯಾಪದವನ್ನು ಸರಿಯಾಗಿ ಓದಿದ್ದರ ಫಲ ಆ ಮದ್ದು.

2019ರ ಶಿಕ್ಷಣ ನೀತಿಯ ಕರಡಿನಲ್ಲಿ ಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಉದಾಹರಣೆಯಾಗಿ ಚೀನೀ ಇತ್ತು. 2020ರ ಜುಲೈನಲ್ಲಿ ಬಂದ ಅಂತಿಮ ನೀತಿಯಲ್ಲಿ ಕೊರಿಯನ್, ಥಾಯ್, ಪೋರ್ಚುಗೀಸ್ ಇವೆ, ಚೀನೀ ಇಲ್ಲ. ಗಲ್ವಾನ್‌ನಲ್ಲಿ ಚೀನೀ ಸೇನೆಯೊಂದಿಗಿನ ಘರ್ಷಣೆಯಲ್ಲಿ ನಮ್ಮ ಸೈನಿಕರು ಮಡಿದು ಆಗಿನ್ನೂ ಆರು ವಾರ. ಆ ನೋವು ನನಗೂ ಇದೆ. ಆದರೆ ಜಗಳವಿರುವ ನೆರೆಮನೆಯ ಮಾತೇ ನಮಗೆ ಮೊದಲು ಅರ್ಥವಾಗಬೇಕಾದ್ದು.

ಪ್ರತ್ಯೇಕ ಪರೀಕ್ಷೆ, ಹೊಸ ಪಠ್ಯಪುಸ್ತಕ ಯಾವುದನ್ನೂ ಕೇಳುತ್ತಿಲ್ಲ. ನೀತಿಯ ಆ ವಿದೇಶಿ ಭಾಷೆಗಳ ಸಾಲಿಗೆ ಚೀನೀ ಭಾಷೆಯನ್ನು ಮತ್ತೆ ಸೇರಿಸಿ. ವಿಜ್ಞಾನ ಶಿಕ್ಷಕರಿಗೆ ಬೇಸಿಗೆ ರಜೆಯಲ್ಲಿ ಎರಡು ವಾರದ ತರಬೇತಿ ಕೊಡಿಸಿ. ಮೊದಲ ತಂಡಕ್ಕೆ ನನ್ನ ಹೆಸರನ್ನೂ ಬರೆದುಕೊಳ್ಳಿ.

ಇತಿ,
ಒಬ್ಬ ಹೈಸ್ಕೂಲು ವಿಜ್ಞಾನ ಶಿಕ್ಷಕ